ಸುಳ್ಳು ಸುದ್ದಿಯ ಕಾಲದಲ್ಲಿ ಜನಪ್ರತಿನಿಧಿಯನ್ನು ಪ್ರಶ್ನಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ನಮ್ಮ ಊರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುತ್ತಿದ್ದೇನೆ. ಕಚೇರಿ ಇಲ್ಲ, ಬೋರ್ಡ್ ಇಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯ ಬೆಂಚೇ ಕಚೇರಿ. ಅಲ್ಲಿಗೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿಸಲ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಸುಳ್ಳು ಸುದ್ದಿಗೂ ಶಾಸಕರನ್ನು ಪ್ರಶ್ನಿಸುವುದಕ್ಕೂ ಏನು ಸಂಬಂಧ?

ನನಗಾದದ್ದನ್ನೇ ಹೇಳುತ್ತೇನೆ. ಒಂದು ಮಳೆಗಾಲ ನಮ್ಮ ಬೀದಿ ಪೂರ್ತಿ ಗುಂಡಿ. ಯಾರೋ ಒಂದು ಫೋಟೊ ಕಳಿಸಿದರು. ರಸ್ತೆ ಅನ್ನೋದು ಕೆರೆಯಂತಾಗಿದೆ, ನಡುವೆ ಎಮ್ಮೆಯೊಂದು ಆರಾಮಾಗಿ ಮಲಗಿದೆ. ‘ಇದು ನಮ್ಮ ವಾರ್ಡಿನ ಅಭಿವೃದ್ಧಿ’ ಅಂತ ಬರೆದು ನಾನೂ ವಾರ್ಡಿನ ಗ್ರೂಪಿಗೆ ಹಾಕಿದೆ. ವಾರದ ನಂತರ ಸಭೆ. ನಮ್ಮ ವಾರ್ಡಿನ ಸದಸ್ಯರು ಎದ್ದು ನಿಂತು ಫೋನ್ ತೆಗೆದರು, ಆ ಫೋಟೊವನ್ನು ದೊಡ್ಡದು ಮಾಡಿ ತೋರಿಸಿದರು. ಮೂಲೆಯಲ್ಲಿ ಒಂದು ಆಟೊ. ನಂಬರ್ ಪ್ಲೇಟಿನಲ್ಲಿ ಎಂಎಚ್. ‘ನಮ್ಮೂರಲ್ಲಿ ಮಹಾರಾಷ್ಟ್ರದ ಆಟೊ ಯಾವಾಗಿಂದ ಓಡ್ತಿದೆ ಸ್ವಾಮಿ?’ ಅಂದರು. ಸಭೆಗೆ ಸಭೆಯೇ ನಕ್ಕಿತು. ಹೊರಗೆ ಬೀದಿಯಲ್ಲಿ ನಿಜವಾದ ಗುಂಡಿಗಳು ಹಾಗೇ ಇದ್ದವು. ಆದರೆ ಅವತ್ತಿನಿಂದ ಆರು ತಿಂಗಳು ಗುಂಡಿ ಅಂದರೆ ಸಾಕು, ‘ಆಟೊ ನೋಡಿದ್ರಾ?’ ಅನ್ನುವ ಮಾತೇ ಉತ್ತರ.

ಸುಳ್ಳು ಆರೋಪದಿಂದ ರಾಜಕಾರಣಿಗೆ ನಷ್ಟ ಅಂತ ನಾವು ತಿಳಿದಿದ್ದೇವೆ. ಎಷ್ಟೋ ಸಲ ಅದು ಅವರಿಗೆ ನಾವೇ ಕೈಯಾರೆ ಕೊಡುವ ಉಡುಗೊರೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಹತ್ತು ನಿಜವನ್ನು ಅದರ ಕೆಳಗೆ ಮುಚ್ಚಿಹಾಕಬಹುದು. ಈಗಂತೂ ನಿಜವಾದ ವಿಡಿಯೊ ಬಂದರೂ ‘ಎಡಿಟ್ ಮಾಡಿದ್ದು, ಎಐ ಮಾಡಿದ್ದು’ ಅಂತ ಕೈ ತೊಳೆದುಕೊಳ್ಳುವುದು ಸುಲಭವಾಗಿದೆ.

ನಾಯಕರೊಬ್ಬರ ವಿಡಿಯೊ ವಾಟ್ಸಾಪಿನಲ್ಲಿ ಬಂತು. ನಿಜವಾ ಅಂತ ತಿಳಿಯೋದು ಹೇಗೆ?

ಮೊದಲು ಅದರ ತಲೆ ಬಾಲ ಹುಡುಕಿ. 30 ಸೆಕೆಂಡಿನ ತುಣುಕು ಅಂದರೆ ಮುಂದೆ ಹಿಂದೆ ಏನೋ ಇದ್ದೇ ಇರುತ್ತದೆ. 2024ರ ಲೋಕಸಭಾ ಚುನಾವಣೆ ವೇಳೆ ಅಮಿತ್ ಶಾ ಅವರು ಎಸ್‌ಸಿ, ಎಸ್‌ಟಿ, ಒಬಿಸಿ ಮೀಸಲಾತಿಯನ್ನೇ ತೆಗೆಯುತ್ತೇವೆ ಅನ್ನುವ ಹಾಗೆ ಒಂದು ವಿಡಿಯೊ ಓಡಾಡಿತು. ಮೂಲ ಭಾಷಣ ತೆಲಂಗಾಣದ್ದು, ಅವರು ಮಾತಾಡಿದ್ದು ಮುಸ್ಲಿಂ ಮೀಸಲಾತಿ ಬಗ್ಗೆ. ಕತ್ತರಿಸಿ ಅಂಟಿಸಿದ್ದರು ಅಷ್ಟೆ. ಪೊಲೀಸ್ ಕೇಸಾಯಿತು, ಬಂಧನಗಳೂ ಆದವು. ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ಬೇಕಿರಲಿಲ್ಲ. ಇನ್ನು ಶಾ ಅವರು ಮುಸ್ಲಿಂ ಮೀಸಲಾತಿ ಬಗ್ಗೆ ನಿಜವಾಗಿ ಹೇಳಿದ್ದು ಸರಿಯೋ ತಪ್ಪೋ ಅನ್ನುವುದು ಬೇರೆ ಚರ್ಚೆ. ಅದನ್ನು ಮಾಡಬೇಕಾದ ದಿನಗಳಲ್ಲಿ ಎಲ್ಲರೂ ನಕಲಿ ವಿಡಿಯೊ ಹಿಂದೆ ಬಿದ್ದಿದ್ದರು.

ಸಭೆಯ ಭಾಷಣವಾದರೆ ಪಕ್ಷದ ಯೂಟ್ಯೂಬ್ ಚಾನೆಲ್ಲಿನಲ್ಲಿ ಪೂರ್ತಿ ವಿಡಿಯೊ ಬಹುತೇಕ ಸಿಗುತ್ತದೆ. ಫೋಟೊ ಆದರೆ ಗೂಗಲ್ ಲೆನ್ಸಿಗೆ ಹಾಕಿ. ಹಳೆಯ ಫೋಟೊ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ನಾನು ಅವತ್ತು ಆ ಅರ್ಧ ನಿಮಿಷ ಖರ್ಚು ಮಾಡಲಿಲ್ಲ.

ಒಂದು ಫಾರ್ವರ್ಡ್‌ನಿಂದ ಏನು ಮಹಾ ಆಗುತ್ತೆ?

2012ರ ಆಗಸ್ಟ್‌ನಲ್ಲಿ ಬರೀ ಎಸ್‌ಎಂಎಸ್ ಮತ್ತು ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಗುಲ್ಲಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಒಮ್ಮೆಗೆ 5 ಚಾಟ್‌ಗೆ ಮಿತಿಗೊಳಿಸಿತು. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಕಂಡರೆ ಅದು ತುಂಬ ಕೈ ದಾಟಿ ಬಂದಿದೆ ಅಂತ ಅರ್ಥ.

ನಿಜವೋ ಸುಳ್ಳೋ ಗೊತ್ತೇ ಆಗದಿದ್ದರೆ?

ಸುಮ್ಮನಿರುವುದು. ಹೇಳುವುದು ಸುಲಭ, ಇರುವುದು ಕಷ್ಟ.

2024ರ ಫೆಬ್ರುವರಿ 27 ನೆನಪಿದೆಯಾ? ರಾಜ್ಯಸಭೆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸೈಯದ್ ನಾಸಿರ್ ಹುಸೇನ್ ಗೆದ್ದ ಮೇಲೆ ವಿಧಾನಸೌಧದಲ್ಲಿ ಬೆಂಬಲಿಗರು ಘೋಷಣೆ ಕೂಗಿದರು. ‘ಪಾಕಿಸ್ತಾನ್ ಜಿಂದಾಬಾದ್’ ಅಂದರು ಅಂತ ಬಿಜೆಪಿ. ‘ನಾಸಿರ್ ಸಾಬ್ ಜಿಂದಾಬಾದ್’ ಅಂದದ್ದು ಅಂತ ಕಾಂಗ್ರೆಸ್. ಅದೇ ಆಡಿಯೊ, ಕೇಳುವ ಕಿವಿ ಬೇರೆ. ಅವತ್ತು ರಾತ್ರಿಯೇ ಎರಡೂ ಕಡೆಯವರು ನೂರಕ್ಕೆ ನೂರು ಖಚಿತವಾಗಿದ್ದರು. ಇದು ಸುಳ್ಳು ಸುದ್ದಿ ಅಂತ ಷರಾ ಬರೆದವರೂ ಇದ್ದರು. ಆಡಿಯೊ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ಮಾರ್ಚ್ 4ರಂದು ಆ ವರದಿ ಮತ್ತು ಸಾಕ್ಷಿಗಳ ಹೇಳಿಕೆ ಮೇಲೆ ಪೊಲೀಸರು ಮೂವರನ್ನು ಬಂಧಿಸಿದರು. ಬಂಧನ ಅಂದರೆ ತೀರ್ಪಲ್ಲ, ಅದೂ ನೆನಪಿರಲಿ. ಆದರೆ ಐದಾರು ದಿನ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಯಾವ ಪಕ್ಷದ ಅಭಿಮಾನಿಯಾದರೂ ಸರಿ, ನಮಗೆ ಇಷ್ಟವಾಗುವ ಸುದ್ದಿ ಬಂದಾಗಲೇ ಜಾಸ್ತಿ ಅನುಮಾನ ಪಡಬೇಕು.

ಟಿವಿಯಲ್ಲೇ ಬಂತಲ್ಲ, ಅದೂ ಸುಳ್ಳಾಗುತ್ತಾ?

2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತೆ ಅಂತ ಹೇಳಿದ್ದು ಟಿವಿಯೇ. ಕನ್ನಡದ ಚಾನೆಲ್ಲೂ ಹಿಂದೆ ಬೀಳಲಿಲ್ಲ.

ಸರ್ಕಾರಿ ದಾಖಲೆ ಕೈಯಲ್ಲಿದ್ದರೆ ಸಾಕಲ್ವಾ?

ದಾಖಲೆ ನಿಜ, ಓದುವುದು ತಪ್ಪು. ಹೀಗೂ ಆಗುತ್ತದೆ. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್, ಹೆಸರು ಹೊರಬರದಂತೆ ಪಕ್ಷಗಳಿಗೆ ದೇಣಿಗೆ ಕೊಡಬಹುದಾಗಿದ್ದ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಮುಂದಿನ ತಿಂಗಳು ಯಾರು ಎಷ್ಟು ಕೊಂಡರು ಅನ್ನುವ ಪಟ್ಟಿ ಹೊರಬಂತು. ಅದರಲ್ಲಿ ‘ಹಬ್ ಪವರ್ ಕಂಪನಿ’ ಅನ್ನುವ ಹೆಸರು ನೋಡಿದ್ದೇ ತಡ, ಪಾಕಿಸ್ತಾನದ ಕಂಪನಿ ನಮ್ಮ ಪಕ್ಷಗಳಿಗೆ ದುಡ್ಡು ಕೊಟ್ಟಿದೆ ಅಂತ ಹಬ್ಬಿತು. ಪಾಕಿಸ್ತಾನದಲ್ಲಿ ಆ ಹೆಸರಿನ ಕಂಪನಿ ಇರುವುದು ನಿಜ. ತನಗೂ ಇದಕ್ಕೂ ಸಂಬಂಧವಿಲ್ಲ ಅಂತ ಅದು ಹೇಳಿಕೆ ಕೊಟ್ಟಿತು. ಆ ಪಟ್ಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ದಾಳಿಯಾದ ಕಂಪನಿಗಳು ಬಾಂಡ್ ಕೊಂಡದ್ದು ಯಾವಾಗ, ಗುತ್ತಿಗೆ ಸಿಕ್ಕಿದ್ದು ಯಾವಾಗ, ಹೀಗೆ. ನಮ್ಮ ಗ್ರೂಪುಗಳಲ್ಲಿ ಓಡಿದ್ದು ಮಾತ್ರ ಪಾಕಿಸ್ತಾನ.

ನಮ್ಮ ಶಾಸಕರ ಬಗ್ಗೆ ನಂಬಬಹುದಾದ ಮಾಹಿತಿ ಎಲ್ಲಿದೆ?

ಅವರೇ ಸಹಿ ಹಾಕಿ ಕೊಟ್ಟ ಪ್ರಮಾಣಪತ್ರದಲ್ಲಿ. ನಾಮಪತ್ರದ ಜೊತೆ ನಮೂನೆ 26 ಅಂತ ಒಂದು ಅಫಿಡವಿಟ್ ಕೊಡಬೇಕು. 2002ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಫಲ ಇದು. ಆಗ ಪಕ್ಷಗಳೆಲ್ಲ ಒಗ್ಗಟ್ಟಾಗಿ ವಿರೋಧಿಸಿದ್ದವು. ಬೇರೆ ಯಾವುದರಲ್ಲೂ ಕಾಣದ ಒಗ್ಗಟ್ಟು! ಅಫಿಡವಿಟ್ಟಿನಲ್ಲಿ ಅಭ್ಯರ್ಥಿಯ, ಅವರ ಗಂಡ ಅಥವಾ ಹೆಂಡತಿಯ, ಅವಲಂಬಿತರ ಆಸ್ತಿ, ಸಾಲ, ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಐದು ವರ್ಷದ ಆದಾಯ ತೆರಿಗೆ ವಿವರ, ಓದು, ಇರುವ ಕ್ರಿಮಿನಲ್ ಕೇಸುಗಳು ಎಲ್ಲ ಇರಬೇಕು. ಕಾಲಂ ಖಾಲಿ ಬಿಟ್ಟರೆ ನಾಮಪತ್ರ ತಿರಸ್ಕಾರ ಮಾಡಬಹುದು ಅಂತ 2013ರಲ್ಲಿ ಕೋರ್ಟ್ ಹೇಳಿದೆ.

ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಇದರ ಸ್ಕ್ಯಾನ್ ಪ್ರತಿ ಸಿಗುತ್ತದೆ. ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆಯ ಮೈನೇತಾ ತಾಣದಲ್ಲಿ ಓದಲು ಸುಲಭವಾಗುವ ಹಾಗೆ ಹಾಕಿರುತ್ತಾರೆ. ಸಂಶಯ ಬಂದರೆ ಮೂಲ ಸ್ಕ್ಯಾನ್ ನೋಡಿ.

ಕೇಸುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕೇಸ್ ಇದೆ ಅನ್ನುವುದು ಬೇರೆ, ಶಿಕ್ಷೆಯಾಗಿದೆ ಅನ್ನುವುದು ಬೇರೆ. ನೀರಿಗಾಗಿ ರಸ್ತೆ ತಡೆ ಮಾಡಿದವನ ಮೇಲೂ ಕೇಸಿರುತ್ತದೆ, ಭೂಮಿ ನುಂಗಿದವನ ಮೇಲೂ ಇರುತ್ತದೆ. ಯಾವ ಸೆಕ್ಷನ್ ಅಂತ ಓದದೆ ‘ನಾಲ್ಕು ಕೇಸಿನ ಅಭ್ಯರ್ಥಿ’ ಅಂತ ಪೋಸ್ಟರ್ ಮಾಡಬೇಡಿ.

ಕರ್ನಾಟಕದಲ್ಲಿ ಇನ್ನೊಂದು ಸೌಲಭ್ಯ ಇದೆ, ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಲೋಕಾಯುಕ್ತ ಕಾಯ್ದೆ 1984ರ 22ನೇ ಸೆಕ್ಷನ್ ಪ್ರಕಾರ ಶಾಸಕರು, ಸಚಿವರು ಪ್ರತಿವರ್ಷ ಜೂನ್ 30ರೊಳಗೆ ಆಸ್ತಿ ವಿವರವನ್ನು ಲೋಕಾಯುಕ್ತಕ್ಕೆ ಕೊಡಬೇಕು. ಕೊಟ್ಟಿದ್ದಾರಾ? ಜುಲೈ ತಿಂಗಳಲ್ಲಿ ನೇರವಾಗಿ ಕೇಳಬಹುದಾದ ಒಳ್ಳೆಯ ಪ್ರಶ್ನೆ.

ಐದು ವರ್ಷದಲ್ಲಿ ಆಸ್ತಿ ಮೂರು ಪಟ್ಟಾದರೆ ಲೂಟಿ ಅಂತ ಅಲ್ವಾ?

ಅಲ್ಲದೆಯೂ ಇರಬಹುದು. ಬೆಂಗಳೂರಿನ ಹೊರವಲಯದಲ್ಲಿ ಎರಡು ಎಕರೆ ಇದ್ದವರಿಗೆ ಏನೂ ಮಾಡದಿದ್ದರೂ ಆಸ್ತಿ ಏರುತ್ತದೆ. ಎರಡು ಚುನಾವಣೆಯ ಅಫಿಡವಿಟ್ ಪಕ್ಕದಲ್ಲಿಟ್ಟು ನೋಡಿ. ಅದೇ ಸರ್ವೆ ನಂಬರಿನ ಬೆಲೆ ಏರಿದೆಯಾ, ಅಥವಾ ಹೊಸ ಸರ್ವೆ ನಂಬರುಗಳು ಸೇರಿವೆಯಾ? ಹೊಸದು ಸೇರಿದ್ದರೆ, ತೋರಿಸಿದ ಆದಾಯದಲ್ಲಿ ಅದನ್ನು ಕೊಳ್ಳಲು ಸಾಧ್ಯವಿತ್ತಾ? ಹೀಗೆ ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಜಾರಿಕೊಳ್ಳುವುದು ಕಷ್ಟ. ‘ಲೂಟಿಕೋರ’ ಅಂದರೆ ಉತ್ತರ ಸುಲಭ: ಮಾನನಷ್ಟ ನೋಟಿಸ್.

ಸದನದಲ್ಲಿ ಏನು ಮಾಡಿದ್ದಾರೆ ಅಂತ ನೋಡಬಹುದಾ?

ನೋಡಬಹುದು. ವಿಧಾನಸಭೆಯ ಕಲಾಪ ನೇರ ಪ್ರಸಾರವಾಗುತ್ತದೆ, ಕೇಳಿದ ಪ್ರಶ್ನೆ, ಕೊಟ್ಟ ಉತ್ತರಗಳನ್ನು ವಿಧಾನಮಂಡಲದ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಸಂಸದರ ಹಾಜರಾತಿ, ಪ್ರಶ್ನೆಗಳ ಲೆಕ್ಕ, ಶಾಸನಸಭೆಗಳ ಕೆಲಸದ ಮೇಲೆ ಕಣ್ಣಿಡುವ ಪಿಆರ್‌ಎಸ್ ಸಂಸ್ಥೆಯ ತಾಣದಲ್ಲಿದೆ. ಅಂದಹಾಗೆ, ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಅಂತ 2005ರಲ್ಲಿ ನಮ್ಮ ಶಾಸಕರೇ ಕಾನೂನು ಮಾಡಿಕೊಂಡರು. ತಾವೇ ಮಾಡಿದ್ದನ್ನು ತಾವೇ ಪಾಲಿಸುವುದು ಅಪರೂಪ.

ಶಾಸಕರ ನಿಧಿ ಎಲ್ಲಿ ಹೋಯಿತು ಅಂತ ಕೇಳುವುದು ಹೇಗೆ?

ನಮ್ಮ ಶಾಸಕರಿಗೆ ಪ್ರದೇಶಾಭಿವೃದ್ಧಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿ ನಿಗದಿ. ಹಣ ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಕಚೇರಿ ಮೂಲಕ ಮಂಜೂರಾಗುತ್ತದೆ. ಅದಕ್ಕೇ ‘ಎರಡು ಕೋಟಿ ಜೇಬಿಗೆ ಹಾಕ್ಕೊಂಡ್ರು’ ಅನ್ನುವ ಫಾರ್ವರ್ಡ್ ಅಲ್ಲೇ ಬಿದ್ದುಹೋಗುತ್ತದೆ. ಕೇಳಬೇಕಾದ್ದು ಬೇರೆ: ಯಾವ ಕಾಮಗಾರಿ, ಎಷ್ಟು, ಯಾರಿಗೆ ಗುತ್ತಿಗೆ, ಬಿಲ್ ಆಯಿತಾ, ಕೆಲಸ ಆಯಿತಾ?

ಇದಕ್ಕೆ ಮಾಹಿತಿ ಹಕ್ಕು ಕಾಯ್ದೆ 2005. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೋಪವನ್ನೆಲ್ಲ ಬರೆದರೆ ಅಲ್ಲೇ 150 ಪದ ಮುಗಿಯುತ್ತದೆ. ‘ಯಾಕೆ ಮಾಡಿಲ್ಲ?’ ಅಂತ ಕೇಳಬೇಡಿ. ‘ಯಾಕೆ’ಗೆ ದಾಖಲೆ ಇರುವುದಿಲ್ಲ, ‘ಕಚೇರಿಯಲ್ಲಿ ಲಭ್ಯವಿಲ್ಲ’ ಅಂತ ಹಿಂಬರಹ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಿ: ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ.

ಇವುಗಳಲ್ಲಿ ಅಳತೆ ಪುಸ್ತಕವೇ ಚಿನ್ನ. ಆಫೀಸಿನವರು ಅದನ್ನು ಎಂಬಿ ಅಂತಾರೆ. ಎಮ್ಮೆ ಫೋಟೊದಲ್ಲಿ ಮರ್ಯಾದೆ ಕಳೆದುಕೊಂಡ ಮೇಲೆ ನಾನು ನಮ್ಮ ಬೀದಿಯ ಎಂಬಿ ಕೇಳಿದೆ. 28ನೇ ದಿನ ನಾಲ್ಕು ಪುಟ ಬಂತು. ಅದರ ಪ್ರಕಾರ ರಸ್ತೆಗೆ ಜಲ್ಲಿ ಹಾಕಿ ಡಾಂಬರು ಮಾಡಿದ ಉದ್ದ 400 ಮೀಟರ್. ಪಕ್ಕದ ಮನೆ ಟೈಲರ್ ಮತ್ತು ನಾನು ಭಾನುವಾರ ಬೆಳಿಗ್ಗೆ 30 ಮೀಟರಿನ ಟೇಪ್ ಹಿಡಿದು ಅಳೆದೆವು. ಬೀದಿಯ ಈ ತುದಿಯಿಂದ ಆ ತುದಿಗೆ, ಚರಂಡಿ ದಾಟಿ ಅಂಗಡಿ ಮೆಟ್ಟಿಲವರೆಗೆ ಎಳೆದರೂ 310 ಮೀಟರ್ ಮೇಲೆ ಹೋಗಲಿಲ್ಲ. ಟೈಲರ್ ಎರಡನೇ ಸಲ ಅಳೆಸಿದ. ‘ಬಟ್ಟೆ ಅಳತೇಲಿ ಇಷ್ಟು ತಪ್ಪಿದ್ರೆ ಗಿರಾಕಿ ಬಿಡ್ತಾನಾ?’ ಅಂದ. ಆ ನಾಲ್ಕು ಪುಟ ಹಿಡಿದು ಮುಂದಿನ ಸಭೆಗೆ ಹೋದೆ. ಆಟೊ ಮಾತು ಯಾರೂ ಎತ್ತಲಿಲ್ಲ.

30 ದಿನವಾದರೂ ಉತ್ತರ ಬರದಿದ್ದರೆ?

ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ಬೆಂಗಳೂರಿಗೇ ಬರಬೇಕಿಲ್ಲ, ಬೆಳಗಾವಿ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ. ತಾಳ್ಮೆ ಬೇಕು, ತುಂಬಾ.

ಈಚೆಗೆ ‘ವೈಯಕ್ತಿಕ ಮಾಹಿತಿ’ ಅನ್ನುವ ಕಾರಣ ಹೇಳಿ ಅರ್ಜಿ ತಿರಸ್ಕರಿಸುವುದು ಜಾಸ್ತಿಯಾಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮೂಲಕ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ 8(1)(ಜೆ) ಕಲಮನ್ನು ಬದಲಿಸಿದ್ದಾರೆ, ನನ್ನ ಪ್ರಕಾರ ಇದು ಕೆಟ್ಟ ಬದಲಾವಣೆ. ಆದರೆ 8(2) ಇನ್ನೂ ಇದೆ: ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಅದನ್ನು ಹೆಸರಿಸಿ ಬರೆಯಿರಿ.

ಹೀಗೆ ಕೇಳಿದರೆ ನಮಗೆ ತೊಂದರೆ ಆಗಲ್ವಾ?

ಆಗಬಹುದು. ಇಲ್ಲ ಅಂದರೆ ಸುಳ್ಳಾಗುತ್ತದೆ. ಚಿಕ್ಕ ಊರಿನಲ್ಲಿ ಅರ್ಜಿ ಕೊಟ್ಟ ಸಂಜೆಯೇ ಗುತ್ತಿಗೆದಾರನಿಗೆ ಹೆಸರು ಗೊತ್ತಾಗಿರುತ್ತದೆ. ಒಬ್ಬರೇ ಹೋಗಬೇಡಿ, ಒಂದೇ ಅರ್ಜಿಯನ್ನು ಐದು ಜನ ಬೇರೆ ಬೇರೆ ಹೆಸರಲ್ಲಿ ಹಾಕಿ. ಸ್ವೀಕೃತಿ ಇಟ್ಟುಕೊಳ್ಳಿ. ಸಿಕ್ಕ ದಾಖಲೆಯನ್ನು ಅವತ್ತೇ ಹತ್ತು ಜನಕ್ಕೆ ಹಂಚಿ. ಒಬ್ಬರ ಬಳಿ ಮಾತ್ರ ಇರುವ ಕಾಗದವೇ ಅಪಾಯದ್ದು.

ಹಳ್ಳಿಯಲ್ಲಿದ್ದೇವೆ. ಕಂಪ್ಯೂಟರ್, ವೆಬ್‌ಸೈಟ್ ಎಲ್ಲ ಬರಲ್ಲ.

ನೀವೇ ಪುಣ್ಯವಂತರು. ಗ್ರಾಮ ಪಂಚಾಯಿತಿಯಲ್ಲಿ ಜಮಾಬಂದಿ ಅಂತ ನಡೆಯುತ್ತದೆ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ. ಹಿಂದಿನ ವರ್ಷದ ಕಾಮಗಾರಿ, ಖರ್ಚಿನ ಲೆಕ್ಕ ಎಲ್ಲ ಜನರ ಮುಂದೆ ಬಿಚ್ಚಿಡಬೇಕು. ಎಷ್ಟೋ ಕಡೆ ಸದಸ್ಯರ ನೆಂಟರು, ಪಿಡಿಒ, ಬಿಸ್ಕತ್ತು, ಟೀ ಅಷ್ಟರಲ್ಲೇ ಮುಗಿಯುತ್ತದೆ. ದಿನಾಂಕ ಮೊದಲೇ ಕೇಳಿಕೊಂಡು ಹದಿನೈದು ಜನ ಹೋಗಿ ಕೂತರೆ ಸಾಕು, ಟೀ ತಣ್ಣಗಾಗುತ್ತದೆ. ಬೆಂಗಳೂರಿನವರ ಪಾಡು ನೋಡಿ. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಕೇಳೋಣ ಅಂದರೆ ಮೆಂಬರೇ ಇರಲಿಲ್ಲ.

ಚುನಾವಣೆಯಲ್ಲಿ ಅಭ್ಯರ್ಥಿಯೇ ಸುಳ್ಳು ಹೇಳಿದರೆ?

ಯಾವ ಸುಳ್ಳು ಅನ್ನುವುದರ ಮೇಲೆ ಹೋಗುತ್ತದೆ. ಸುಳ್ಳು ಅಂತ ಗೊತ್ತಿದ್ದೂ ಎದುರಾಳಿಯ ನಡತೆ ಬಗ್ಗೆ ಅಪಪ್ರಚಾರ ಮಾಡುವುದು ಪ್ರಜಾಪ್ರತಿನಿಧಿ ಕಾಯ್ದೆ 1951ರ 123(4)ರಲ್ಲಿ ಭ್ರಷ್ಟ ಆಚರಣೆ. ಫಲಿತಾಂಶ ಬಂದು 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಸೋತ ಅಭ್ಯರ್ಥಿ ಮಾತ್ರವಲ್ಲ, ಆ ಕ್ಷೇತ್ರದ ಮತದಾರನೂ ಹಾಕಬಹುದು. ಅಫಿಡವಿಟ್ಟಿನಲ್ಲಿ ಸುಳ್ಳು ಹೇಳಿದರೆ 125ಎ ಪ್ರಕಾರ ಆರು ತಿಂಗಳವರೆಗೆ ಜೈಲು. ಆದರೆ ‘ಬಂದ ಆರು ತಿಂಗಳಿಗೆ ಮನೆಮನೆಗೆ ನೀರು’ ಅಂತ ಹೇಳಿ ಕೊಡದಿದ್ದರೆ ಯಾವ ಸೆಕ್ಷನ್ನೂ ಇಲ್ಲ. ಅದಕ್ಕೆ ಪ್ರಣಾಳಿಕೆಯ ಪ್ರತಿ ಎತ್ತಿಟ್ಟುಕೊಳ್ಳಿ. ಮುಂದಿನ ಸಲ ಕೈಮುಗಿದು ಬಂದಾಗ ಕೊಡಬಹುದು. ನೀತಿ ಸಂಹಿತೆ ಉಲ್ಲಂಘನೆ ದೂರಿಗೆ ಚುನಾವಣಾ ಆಯೋಗದ ಸಿವಿಜಿಲ್ ಆಪ್ ಇದೆ, ಅಲ್ಲಿಂದಲೇ ಫೋಟೊ ತೆಗೆದು ಕಳಿಸಿದರೆ 100 ನಿಮಿಷದಲ್ಲಿ ಕ್ರಮ ಅನ್ನುವುದು ಅದರ ಲೆಕ್ಕ.

ಮತದಾರರ ಪಟ್ಟಿಯಲ್ಲಿ ಮೋಸ ಅಂತ ಗಲಾಟೆ ಆಯಿತಲ್ಲ, ನಂಬಬೇಕಾ?

ಒಂದು ಕ್ಷೇತ್ರದ ಕಥೆ ಹೇಳುತ್ತೇನೆ, ಕಲಬುರಗಿ ಜಿಲ್ಲೆಯ ಆಳಂದ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಉಳಿದ 5,994 ತಪ್ಪು, ಆ ಹೆಸರುಗಳನ್ನು ತೆಗೆಯಲಿಲ್ಲ ಅಂತ ಆಯೋಗವೇ ಹೇಳಿದೆ. ತಮ್ಮದೇ ಸಂಬಂಧಿಯ ಹೆಸರು ತೆಗೆಯಲು ಅರ್ಜಿ ಬಂದದ್ದನ್ನು ಬೂತ್ ಮಟ್ಟದ ಅಧಿಕಾರಿಯೊಬ್ಬರು ಗಮನಿಸಿ ವಿಚಾರಿಸಿದಾಗ ಎಳೆ ಸಿಕ್ಕಿತು ಅಂತ ವರದಿಯಾಯಿತು. ಅರ್ಜಿ ಯಾರ ಹೆಸರಲ್ಲಿ ಬಂದಿತ್ತೋ ಅವರಿಗೇ ಗೊತ್ತಿರಲಿಲ್ಲ. ಇದರ ಹಿಂದೆ ಯಾರು ಅನ್ನುವುದು ತನಿಖೆಯ ವಿಷಯ. ನಿಮ್ಮ ಕೆಲಸ ನಿಮ್ಮ ಬೂತಿನ ಪಟ್ಟಿ ತೆಗೆದು ನಿಮ್ಮ ಬೀದಿಯ ಹೆಸರುಗಳನ್ನು ಓದುವುದು. 2023ರಲ್ಲಿ ಜಯನಗರದ ಫಲಿತಾಂಶ ನಿರ್ಧಾರವಾದದ್ದು ಬರೀ 16 ಮತದಲ್ಲಿ.

ಸುಳ್ಳು ಸುದ್ದಿಗೆ ಕಠಿಣ ಕಾನೂನು ತಂದರೆ ಎಲ್ಲ ಸರಿಹೋಗಲ್ವಾ?

ನನಗೆ ಹಾಗೆ ಅನಿಸುವುದಿಲ್ಲ. ಸುಳ್ಳು ಯಾವುದು ಅಂತ ಹೇಳುವವರು ಯಾರು? ಕೇಂದ್ರ ಸರ್ಕಾರ ತನ್ನ ಬಗೆಗಿನ ಸುದ್ದಿಯ ಸತ್ಯಾಸತ್ಯವನ್ನು ತಾನೇ ತೀರ್ಮಾನಿಸಲು ಫ್ಯಾಕ್ಟ್ ಚೆಕ್ ಘಟಕ ಮಾಡಹೊರಟಿತ್ತು. 2024ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. 2025ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರದ ಮಸೂದೆಯ ಕರಡು ಹೊರಬಂತು. ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ ಅದರಲ್ಲಿತ್ತು. ಒಂದು ಸರ್ಕಾರ ಒಂದು ಪಕ್ಷದ್ದು, ಇನ್ನೊಂದು ಇನ್ನೊಂದರದ್ದು. ಆಸೆ ಮಾತ್ರ ಒಂದೇ. ನಮ್ಮ ಸದಸ್ಯರ ಕೈಯಲ್ಲಿ ಆ ಕಾನೂನು ಇದ್ದಿದ್ದರೆ ಎಮ್ಮೆ ಫೋಟೊಕ್ಕೆ ನಾನು ಒಳಗಿರುತ್ತಿದ್ದೆ, ಎಂಬಿ ಕೇಳುವವರು ಇರುತ್ತಿರಲಿಲ್ಲ.

ವಿದೇಶದಲ್ಲಿದ್ದೇನೆ. ನಾನೂ ಏನಾದರೂ ಮಾಡಬಹುದಾ?

ಭಾರತದ ಪೌರತ್ವ ಇದ್ದರೆ ಮಾಹಿತಿ ಹಕ್ಕು ನಿಮಗೂ ಇದೆ, ಆನ್‌ಲೈನಿನಲ್ಲೇ ಹಾಕಬಹುದು. ಮತ ಹಾಕಲು ಮಾತ್ರ ಊರಿಗೇ ಬರಬೇಕು. ಅಷ್ಟು ದೂರ ಕೂತು ಊರಿನ ಬಗ್ಗೆ ಫಾರ್ವರ್ಡ್ ಮಾಡುವ ಮುಂಚೆ ಊರಿನಲ್ಲಿರುವ ಒಬ್ಬರಿಗೆ ಫೋನ್ ಮಾಡಿ.

ಸುಳ್ಳು ಸುದ್ದಿಯನ್ನು ನಾನೇ ಹಂಚಿಬಿಟ್ಟೆ. ಈಗೇನು ಮಾಡಲಿ?

ಅಳಿಸಿದರೆ ಸಾಲದು, ಅಷ್ಟರಲ್ಲಿ ಅದು ಊರು ಸುತ್ತಿರುತ್ತದೆ. ಎಲ್ಲಿ ಹಾಕಿದಿರೋ ಅಲ್ಲೇ ‘ನಾನು ಹಾಕಿದ್ದು ತಪ್ಪು’ ಅಂತ ಬರೆಯಿರಿ. ‘ಯಾರೋ ಕಳಿಸಿದ್ರು, ನಾನೂ ಕಳಿಸಿದೆ’ ಅಂತ ಸೇರಿಸಬೇಡಿ. ಸಭೆಯ ಮಾರನೇ ದಿನ ನಾನು ಗ್ರೂಪಿನಲ್ಲಿ ಬರೆದೆ. ನಗುವ ಇಮೋಜಿಗಳು ಸಾಲುಗಟ್ಟಿ ಬಂದವು, ಒಬ್ಬರು ಎಮ್ಮೆಯ ಸ್ಟಿಕ್ಕರನ್ನೇ ಕಳಿಸಿದರು. ರಾತ್ರಿ ಹತ್ತರ ಹೊತ್ತಿಗೆ ಗ್ರೂಪಿನಲ್ಲಿ ಎಂದೂ ಮಾತಾಡದ ನಿವೃತ್ತ ಮೇಷ್ಟ್ರೊಬ್ಬರು ನನಗೆ ಮಾತ್ರ ಒಂದು ಫೋಟೊ ಕಳಿಸಿದರು. ನಮ್ಮದೇ ಬೀದಿ, ನಮ್ಮದೇ ಗುಂಡಿ. ಹಿಂದೆ ನಮ್ಮ ಶಾಲೆಯ ಬೋರ್ಡ್ ಸ್ಪಷ್ಟವಾಗಿ ಕಾಣುತ್ತಿತ್ತು. ಗುಂಡಿಯ ಪಕ್ಕ ಅವತ್ತಿನ ಪೇಪರ್ ಇಟ್ಟು, ತಾರೀಖು ಕಾಣುವ ಹಾಗೆ ಮೇಲೊಂದು ಕಲ್ಲು ಹೇರಿದ್ದರು.